ವಂದನಾರ್ಪಣೆಗೆ ಮೊದಲು ಒಂದು ಪ್ರಶ್ನೆ



ಈ ಸಮ್ಮೇಳನದಲ್ಲಿ ಪ್ರಧಾನ ಭಾಷಣ ಮಾಡಬೇಕು ಎಂದು ಸಂಘದವರು ಕರೆದಾಗ, ಹಿಂದೆ ನಾನು ಮಾಡಿದ್ದ ಒಂದು ಭಾಷಣ ನೆನಪಾಯಿತು. ಅದರ ಕೊನೆಯಲ್ಲಿ ನಾನು ತಬ್ಬಿಬ್ಬಾಗಿ ನಿಂತಿದ್ದೆ. ಇವತ್ತು ಅದನ್ನೇ ಹೇಳುತ್ತೇನೆ.

ಒಹಾಯೊದಲ್ಲಿ ನಾನಿರುವ ಸಣ್ಣ ಊರಿನಲ್ಲಿ ಒಂದು ಲಯನ್ಸ್ ಕ್ಲಬ್ ಇದೆ. ತಿಂಗಳಿಗೆ ಎರಡು ಸಂಜೆ, ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಆಗ ಸದಸ್ಯರು ಇಪ್ಪತ್ತು ಮಂದಿ: ನಿವೃತ್ತ ಮೇಷ್ಟ್ರು, ಪ್ಲಂಬರು, ಹಾರ್ಡ್‌ವೇರ್ ಅಂಗಡಿಯವರು, ಒಬ್ಬ ರೈತ, ಹೀಗೆ. ನಮ್ಮ ಪಕ್ಕದ ಮನೆಯ ಅಜ್ಜ ಅಲ್ಲಿನ ಹಳೆಯ ಸದಸ್ಯರು. "ನಿಮ್ಮ ಕಡೆಯ ವಿಷಯ ಇಪ್ಪತ್ತು ನಿಮಿಷ ಮಾತಾಡಿ" ಎಂದು ಅವರೇ ನನ್ನನ್ನು ಅತಿಥಿಯಾಗಿ ಕರೆದರು. ಹಂಪಿ, ಜೋಗ, ದಸರಾ, ಮಸಾಲೆದೋಸೆ ಎಲ್ಲ ಸೇರಿಸಿ ನಲವತ್ತು ಸ್ಲೈಡು ಮಾಡಿಕೊಂಡು ಹೋದೆ.

ಆರೂವರೆ ಅಂದರೆ ಆರೂವರೆಗೇ ಗಂಟೆ ಬಾರಿಸಿದರು. ಲಯನ್ಸ್ ಸಭೆಗಳಲ್ಲಿ ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿ ಇರುತ್ತಾರೆ. ತಮಾಷೆಗೆ ದಂಡ ಹಾಕುವುದು ಅವರ ಕೆಲಸ. ತಡವಾಗಿ ಬಂದವರಿಗೆ ಒಂದು ಡಾಲರ್, ಮೊಮ್ಮಗು ಹುಟ್ಟಿದ ಸಂತೋಷ ಹೇಳಿಕೊಂಡವರಿಗೂ ಒಂದು ಡಾಲರ್. ನಮ್ಮ ಸಂಘದಲ್ಲಿ ಈ ಪದ್ಧತಿ ತಂದರೆ ಒಂದೇ ಯುಗಾದಿಯಲ್ಲಿ ಕನ್ನಡ ಭವನ ಕಟ್ಟಬಹುದು!

ನನ್ನ ಭಾಷಣ ಮುಗಿಯಿತು. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಿಂದ ಆ ರೈತ ಕೇಳಿದರು: "ಚೆನ್ನಾಗಿತ್ತು. ಈಗ ನಮ್ಮಿಂದ ಏನಾಗಬೇಕು?"

ನನಗೆ ಉತ್ತರ ಹೊಳೆಯಲಿಲ್ಲ. "ಏನೂ ಬೇಡ, ಸುಮ್ಮನೆ ಹೇಳೋಣ ಅಂತ ಬಂದೆ" ಎಂದೆ. ಅವರ ಮುಖದಲ್ಲಿ ಸಣ್ಣ ನಿರಾಸೆ ಕಂಡಿತು. ಮನೆಗೆ ಬರುವಾಗ ಅಜ್ಜ ಕಾರಿನಲ್ಲಿ ಹೇಳಿದರು, "ನಮ್ಮಲ್ಲಿಗೆ ಬಂದ ಅತಿಥಿಗಳು ಸಾಮಾನ್ಯವಾಗಿ ಏನಾದರೂ ಕೆಲಸ ಹಚ್ಚಿ ಹೋಗುತ್ತಾರೆ." ಆಮೇಲೆ ಹೆಲೆನ್ ಕೆಲರ್ ಅವರ ಕಥೆ ಹೇಳಿದರು.

ಈರಿ ಸರೋವರದ ದಂಡೆಯ ಸೀಡರ್ ಪಾಯಿಂಟ್ ನಿಮಗೆ ಗೊತ್ತು. ಮಕ್ಕಳನ್ನು ರೋಲರ್ ಕೋಸ್ಟರ್ ಹತ್ತಿಸಲು ಹೋಗುತ್ತೇವಲ್ಲ, ಅದೇ ಜಾಗ. 1925ರ ಜೂನ್ 30ರಂದು ಅಲ್ಲಿ ಲಯನ್ಸ್ ಸಮಾವೇಶ ನಡೆಯುತ್ತಿತ್ತು. ಆಗ ಸಂಸ್ಥೆಗೆ ಬರೀ ಎಂಟು ವರ್ಷ. ಷಿಕಾಗೋದ ವಿಮಾ ವ್ಯಾಪಾರಿ ಮೆಲ್ವಿನ್ ಜೋನ್ಸ್ 1917ರಲ್ಲಿ ಅದಕ್ಕೆ ಚಾಲನೆ ಕೊಟ್ಟಿದ್ದರು. ಎಳವೆಯಲ್ಲೇ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡಿದ್ದ ಕೆಲರ್ ಅತಿಥಿಯಾಗಿ ಬಂದು, ತಮ್ಮ ಬದುಕಿನ ಕಥೆಯನ್ನಷ್ಟೇ ಹೇಳಿ ಹೋಗಲಿಲ್ಲ. ಕುರುಡುತನದ ವಿರುದ್ಧದ ಹೋರಾಟವನ್ನು ನೀವು ಕೈಗೆತ್ತಿಕೊಳ್ಳಿ ಎಂದು ನೇರವಾಗಿ ಕೇಳಿದರು. ಲಯನ್ಸ್ ಒಪ್ಪಿಕೊಂಡಿತು. 1930ರಲ್ಲಿ ಇಲಿನಾಯ್‌ನ ಪಿಯೋರಿಯಾ ಕ್ಲಬ್ಬಿನವರು ಅಂಧರಿಗೆ ಬಿಳಿ ಕೋಲು ಕೊಡಲು ಶುರುಮಾಡಿದರು. ರಸ್ತೆ ದಾಟುವವರ ಕೈಯ ಕಪ್ಪು ಕೋಲು ವಾಹನದವರಿಗೆ ಕಾಣುವುದಿಲ್ಲ ಎಂಬುದನ್ನು ಅವರಲ್ಲೊಬ್ಬರು ಗಮನಿಸಿದ್ದರು.

ಇದನ್ನು ಕೇಳುತ್ತಾ ನನಗೆ ನಮ್ಮಜ್ಜಿ ನೆನಪಾದರು. ಕಣ್ಣಿಗೆ ಪೊರೆ ಬಂದು ಎರಡು ವರ್ಷ ಗೋಡೆ ಹಿಡಿದು ಓಡಾಡಿದವರು. ನಮ್ಮ ತಾಲ್ಲೂಕಿನ ಹೈಸ್ಕೂಲಿನಲ್ಲಿ ಲಯನ್ಸ್‌ನವರ ಉಚಿತ ನೇತ್ರ ಶಿಬಿರ ನಡೆದಾಗ ಪೊರೆ ತೆಗೆಸಿಕೊಂಡು ಬಂದು, ಮಾರನೆಯ ವಾರ ತಾವೇ ಅಕ್ಕಿ ಆರಿಸಲು ಕೂತರು. ನಾನು ಆ ಬ್ಯಾನರ್ ನೋಡಿದ್ದೆ. ಅದರ ಹಿಂದೆ ಸೀಡರ್ ಪಾಯಿಂಟಿನ ಒಂದು ಅತಿಥಿ ಭಾಷಣ ಇತ್ತೆಂದು ತಿಳಿದದ್ದು ಮಾತ್ರ ಆ ರಾತ್ರಿ. ಮುಂದಿನ ತಿಂಗಳೇ ಕ್ಲಬ್ ಸೇರಿದೆ.

ಈಗ ನಮ್ಮ ಮನೆಯ ಮಾತು. ನಾವು ಅತಿಥಿಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ. ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ, ಗುಂಪು ಫೋಟೊ ಯಾವುದರಲ್ಲೂ ಕೊರತೆಯಿಲ್ಲ. ಕನ್ನಡ ಶಾಲೆಗಳು ಮುಚ್ಚುತ್ತಿವೆ ಎಂದು ಅವರು ಕಣ್ಣೀರು ಹಾಕುತ್ತಾರೆ, ನಾವೂ ಕಣ್ಣೊರೆಸಿಕೊಳ್ಳುತ್ತೇವೆ. ಆಮೇಲೆ ವಂದನಾರ್ಪಣೆ, ಬಿಸಿಬೇಳೆಬಾತ್. ಮುಂದಿನ ಸಭೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ನಾನೇ ಎರಡು ವರ್ಷ ಕಾರ್ಯದರ್ಶಿಯಾಗಿದ್ದೆ, ನಾನೂ ಎತ್ತಲಿಲ್ಲ.

ಹಾಗಾಗಿ ಒಂದು ಸಣ್ಣ ಬದಲಾವಣೆ ಕೇಳುತ್ತೇನೆ. ವಂದನಾರ್ಪಣೆಗೆ ಮೊದಲು ಸಭೆಯಿಂದ ಒಬ್ಬರು ಎದ್ದು, "ನಮ್ಮಿಂದ ಏನಾಗಬೇಕು?" ಎಂದು ಅತಿಥಿಗಳನ್ನು ಕೇಳಲಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಆಗುವುದನ್ನು ಮಾಡಿ, ಆಗದಿದ್ದರೆ ಆಗಲಿಲ್ಲ ಎಂದು ಮುಂದಿನ ಸಭೆಯಲ್ಲಿ ಹೇಳಿ.

"ವೀಸಾ ಯಾವಾಗ ಮುಗಿಯುತ್ತದೋ, ಈ ಊರಿನ ಉಸಾಬರಿ ನಮಗೇಕೆ?" ಎಂದು ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಹನ್ನೆರಡು ವರ್ಷ ನಿಂತು ನಾನೂ ಅದನ್ನೇ ಹೇಳಿಕೊಂಡಿದ್ದೆ. ಕ್ಲಬ್ಬಿನಲ್ಲಿ ಯಾರೂ ನನ್ನ ವೀಸಾ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಪ್ಯಾನ್‌ಕೇಕ್ ಬೇಯಿಸಲು ಬರುತ್ತೀಯಾ ಎಂದಷ್ಟೇ ಕೇಳಿದರು. ಈಗ ಅಜ್ಜ ಇಲ್ಲ. ಇಪ್ಪತ್ತರಲ್ಲಿ ಹನ್ನೊಂದು ಜನ ಉಳಿದಿದ್ದೇವೆ, ನಾನೇ ಎಲ್ಲರಿಗಿಂತ ಚಿಕ್ಕವನು. ಹೊಸಬರು ಬಾರದಿದ್ದರೆ ಆ ಗಂಟೆ ನಿಲ್ಲುತ್ತದೆ.

ಈ ಸಲ ನಾನು ಕೆಲಸ ಹಚ್ಚದೆ ಇಳಿಯುವುದಿಲ್ಲ. ಮನೆಗೆ ಹೋದ ಮೇಲೆ ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಕನ್ನಡಕಗಳನ್ನು ಹುಡುಕಿ. ಕನ್ನಡ ಸಂಘದವರು ಕನ್ನಡಕ ಕೂಡಿಸಿದರೆ ತಪ್ಪೇನಿಲ್ಲ. ಅವನ್ನು ಹತ್ತಿರದ ಲಯನ್ಸ್ ಕ್ಲಬ್ಬಿನವರ ಕೈಗೇ ಕೊಡಿ. ಕೊಟ್ಟು ಹಾಗೇ ಬರಬೇಡಿ, ಮುಂದಿನ ಸಭೆ ಯಾವಾಗ ಎಂದು ಕೇಳಿಕೊಂಡು ಬನ್ನಿ.