ಇಂಜಿನಿಯರಿಂಗ್ ಓದಿಗೆ ಸಾಲ: ಬಿತ್ತುವ ಮುನ್ನ ಲೆಕ್ಕ

(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಳ್ಳಿಗಳ ಮಕ್ಕಳು ಪಿ.ಯು.ಸಿ. ಮುಗಿಸಿ ಕಂಪ್ಯೂಟರ್ ಇಂಜಿನಿಯರಿಂಗ್ ಓದಬೇಕೆಂದು ಆಸೆಪಡುತ್ತಿದ್ದಾರೆ. ಇದು ಸಂತೋಷದ ಸಂಗತಿ. ಬೋರ್‌ವೆಲ್ ಕೊರೆಸುವ ಮುನ್ನ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಮಕ್ಕಳ ಓದಿಗೆ ಅದಕ್ಕಿಂತ ದೊಡ್ಡ ಸಾಲ ಮಾಡುವಾಗ ಮಾತ್ರ ಯಾರನ್ನೂ ಕೇಳುವುದಿಲ್ಲ. ಆದುದರಿಂದ ಈ ದಿನ ಆ ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇನೆ.

ಸಾಲ ಹೇಗೆ ಬೆಳೆಯುತ್ತದೆ ನೋಡೋಣ. ಶುಲ್ಕ, ಹಾಸ್ಟೆಲು ಸೇರಿ ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ರೂಪಾಯಿ ಪಡೆದಿರೆನ್ನಿ. ಬಡ್ಡಿ ಶೇಕಡ 10. ಓದುವ ಕಾಲ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಆ ಐದು ವರ್ಷಗಳಲ್ಲಿ ಸರಳ ಬಡ್ಡಿಯೇ 2 ಲಕ್ಷ 80 ಸಾವಿರ ಆಗುತ್ತದೆ. ಕಂತು ಆರಂಭವಾಗುವ ದಿನ ಸಾಲ 10 ಲಕ್ಷ 80 ಸಾವಿರ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,300 ರೂಪಾಯಿ ಕಟ್ಟಬೇಕು. ಹದಿನೈದು ವರ್ಷಕ್ಕೆ ಹಂಚಿದರೆ ಕಂತು 11,600ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಕಟ್ಟುವ ಹಣ 17 ಲಕ್ಷದಿಂದ 21 ಲಕ್ಷದ ಹತ್ತಿರಕ್ಕೆ ಏರುತ್ತದೆ.

ಇನ್ನು ಸಂಪಾದನೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪೆನಿಗಳು ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಸಂಬಳ ಕೊಡುತ್ತವೆ. ಪತ್ರಿಕೆಯಲ್ಲಿ ಬರುವ ಮೂವತ್ತು, ನಲವತ್ತು ಲಕ್ಷದ ಸಂಬಳ ಕೆಲವೇ ಮಂದಿಯದು. ಕಾಗದದ ಮೇಲಿನ ಮೂರೂವರೆ ಲಕ್ಷದಲ್ಲಿ ಭವಿಷ್ಯನಿಧಿ ಮೊದಲಾದವು ಕಳೆದು ಕೈಗೆ ತಿಂಗಳಿಗೆ 26 ಸಾವಿರ ಬಂದೀತು. ಬೆಂಗಳೂರಿನಲ್ಲಿ ರೂಮು, ಊಟ, ಬಸ್ಸಿಗೆ 14 ಸಾವಿರ ಹೋದರೆ ಉಳಿಯುವುದು 12 ಸಾವಿರ. ಕಂತು 14,300! ಹುಡುಗ ಒಂದು ಕಾಸೂ ಮನೆಗೆ ಕಳಿಸದಿದ್ದರೂ ಲೆಕ್ಕ ಕೂಡುವುದಿಲ್ಲ.

ಕೆಲಸ ಬಲ್ಲವರ ಸಂಬಳ ಕೆಲವು ವರ್ಷಗಳಲ್ಲಿ ಚೆನ್ನಾಗಿ ಏರುತ್ತದೆ, ನಿಜ. ಇಕ್ಕಟ್ಟಿರುವುದು ಮೊದಲ ಎರಡು ಮೂರು ವರ್ಷ. ಮಳೆಯಂತೆ ಈ ಉದ್ಯೋಗಕ್ಕೂ ಬರಗಾಲವಿದೆ. 2023–24ರಲ್ಲಿ ಟಿ.ಸಿ.ಎಸ್., ಇನ್ಫೋಸಿಸ್, ವಿಪ್ರೊ ಮೂರೂ ಸೇರಿ ನೌಕರರ ಸಂಖ್ಯೆ 60 ಸಾವಿರಕ್ಕೂ ಮಿಕ್ಕಿ ಇಳಿಯಿತು. ಆ ವರ್ಷ ಓದು ಮುಗಿಸಿದವರ ಸಾಲಕ್ಕೂ ಬಡ್ಡಿ ಓಡುತ್ತಲೇ ಇತ್ತು.

ಹಾಗಾದರೆ ಎಷ್ಟು ಸಾಲ ಮಾಡಬಹುದು? ಕಂತು ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗ ಮೀರಬಾರದು ಎಂದಿಟ್ಟುಕೊಳ್ಳಿ. 26 ಸಾವಿರಕ್ಕೆ ಅದು 8,700 ರೂಪಾಯಿ. ಅಷ್ಟು ಕಂತಿಗೆ, ಹತ್ತು ವರ್ಷದ ಅವಧಿಗೆ, ಪಡೆಯಬಹುದಾದ ಅಸಲು 5 ಲಕ್ಷದ ಒಳಗೇ ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಸಾಲವನ್ನು ಈ ಮಿತಿಯಲ್ಲಿಡುವ ದಾರಿಗಳಿವೆ. ಸಿ.ಇ.ಟಿ. ಮೂಲಕ ಸಿಗುವ ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಅಜಗಜಾಂತರ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಾತಿ ಇದೆ. ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಎಸ್.ಎಸ್.ಎಲ್.ಸಿ. ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಓದಿ, ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಒಟ್ಟು ಕಾಲ ಅದೇ ಆರು ವರ್ಷ. ಇಂಜಿನಿಯರಿಂಗ್ ಶುಲ್ಕ ಒಂದು ವರ್ಷದ್ದು ಉಳಿಯಿತು, ನಡುವೆ ನಿಂತರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ.

ಬೀಜದ ಮೊಳಕೆ ಪರೀಕ್ಷೆಯಂತೆ ಕಾಲೇಜನ್ನೂ ಪರೀಕ್ಷಿಸಿ. ನೂರು ಮಂದಿ ಸೇರಿದರೆ ನಾಲ್ಕೇ ವರ್ಷದಲ್ಲಿ ಪಾಸಾದವರೆಷ್ಟು? ಕೆಲಸ ಸಿಕ್ಕಿದವರೆಷ್ಟು? ಅತಿ ಹೆಚ್ಚಿನ ಸಂಬಳ ಕೇಳಬೇಡಿ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವನಿಗೆ ಎಷ್ಟು ಎಂದು ಕೇಳಿ. ಕಳೆದ ಎರಡು ವರ್ಷಗಳಲ್ಲಿ ಅಲ್ಲಿ ಓದಿ ಹೊರಬಂದ ನಾಲ್ಕು ಮಕ್ಕಳನ್ನು ಮಾತನಾಡಿಸಿ.

ಬ್ಯಾಂಕಿನಲ್ಲಿ ನೆನಪಿಡಬೇಕಾದ ಮಾತುಗಳಿವು. ಕೇಂದ್ರದ ಸಾಲ ಖಾತರಿ ನಿಧಿಯಡಿ 7.5 ಲಕ್ಷದವರೆಗಿನ ಸಾಲವನ್ನು ಜಮೀನು ಅಡವಿಲ್ಲದೆ ಕೊಡಲು ಅವಕಾಶವಿದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಆರಂಭವಾಗುವವರೆಗಿನ ಬಡ್ಡಿಯಲ್ಲಿ ಶೇಕಡ 3 ಸಹಾಯಧನವಿದೆ. ಅದು ಆಯ್ದ ಕಾಲೇಜುಗಳಿಗೆ ಮಾತ್ರ. ಸೇರುವ ಮುನ್ನವೇ ವಿಚಾರಿಸಿ. ಶುಲ್ಕಕ್ಕೆಂದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಮಾಡಿದರೆ ಅದು ವರ್ಷಕ್ಕೆ ಶೇಕಡ 24 ಆಗುತ್ತದೆ.

ಕೊನೆಯದಾಗಿ, ಶಿಕ್ಷಣ ಸಾಲದ ಕಾಗದಕ್ಕೆ ಮಗನೋ ಮಗಳೋ ಒಬ್ಬರೇ ಸಹಿ ಮಾಡುವುದಿಲ್ಲ. ತಂದೆಯೋ ತಾಯಿಯೋ ಸಹ ಸಾಲಗಾರರು. ಕಂತು ತಪ್ಪಿದರೆ ನಾಳೆ ತಮಗೆ ಬೆಳೆಸಾಲ ಸಿಗುವುದೂ ಕಷ್ಟ. ಆದುದರಿಂದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಲೆಕ್ಕ ಕೂಡಿದರೆ ಧೈರ್ಯವಾಗಿ ಓದಿಸಿರಿ. ಕೂಡದಿದ್ದರೆ ಕಾಲೇಜು ಬದಲಿಸಿರಿ, ದಾರಿ ಬದಲಿಸಿರಿ. ಓದು ಮಾತ್ರ ಬಿಡಿಸಬೇಡಿರಿ.