ಹಳೆಯ ಪೀಠೋಪಕರಣಕ್ಕೆ ಹೊಸ ಬಣ್ಣ: ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮುಂಬಯಿಯಲ್ಲಿ ಈಗ ಎಲ್ಲಿ ನೋಡಿದರೂ ರೀಡೆವಲಪ್‌ಮೆಂಟ್. ಹಳೆಯ ಚಾಳು, ಹಳೆಯ ಸೊಸೈಟಿ ಬಿಟ್ಟು ಹೊಸ ಫ್ಲ್ಯಾಟಿಗೆ ಹೋಗುವಾಗ ಮನೆಮನೆಯಲ್ಲೂ ಒಂದೇ ಚರ್ಚೆ. ಅತ್ತೆಯ ಕಾಲದ ಕಪಾಟು, ಊರಿಂದ ತಂದ ತೊಟ್ಟಿಲು, ಮಾವನವರು ಬರೆಯುತ್ತಿದ್ದ ಮೇಜು, ಇವನ್ನೆಲ್ಲ ಒಯ್ಯುವುದೋ ಅಥವಾ ಭಂಗಾರ್‌ವಾಲಾನಿಗೆ ಕೊಡುವುದೋ? ಇನ್ನು ಕೆಲವರು ಜೋಗೇಶ್ವರಿಯ ಓಶಿವರಾ ಮಾರುಕಟ್ಟೆಯಿಂದಲೋ ಚೋರ್ ಬಜಾರಿನಿಂದಲೋ ಹಳೆಯ ಕುರ್ಚಿ ತಂದು ಬಣ್ಣ ಬಳಿದು ಹೊಸದು ಮಾಡುತ್ತಾರೆ. ಎರಡೂ ಒಳ್ಳೆಯದೇ. ಮರ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಆದರೆ ಬಣ್ಣ ಎಂದ ಕೂಡಲೇ ನಾವು ಶೇಡ್ ಕಾರ್ಡ್ ಬಿಡಿಸುತ್ತೇವೆ. ಅದು ಕೊನೆಯಲ್ಲಿ ಮಾಡುವ ಕೆಲಸ. ನಮ್ಮ ಐಟಿಯವರ ಮಾತಿನಲ್ಲಿ ಹೇಳುವುದಾದರೆ, ಮೊದಲು ರಿಕ್ವೈರ್‌ಮೆಂಟ್, ಆಮೇಲೆ ಕೋಡ್. ಇಲ್ಲಿಯೂ ಮೂರು ಪ್ರಶ್ನೆಗಳಿವೆ. ಈಗ ಅದರ ಮೇಲೆ ಏನಿದೆ? ಅದನ್ನು ಯಾರು, ಹೇಗೆ ಬಳಸುತ್ತಾರೆ? ನಮ್ಮ ಮುಂಬಯಿಯ ಹವೆಯಲ್ಲಿ ಬಣ್ಣ ಯಾವಾಗ ಒಣಗುತ್ತದೆ?

ಈಗ ಮೇಲೆ ಏನಿದೆ?

ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದು ನಿಮಿಷ ಉಜ್ಜಿ ನೋಡಿ. ಹತ್ತಿರದಲ್ಲಿ ಒಲೆ, ದೀಪ ಇರಬಾರದು. ಕಂದು ಬಣ್ಣ ಅಂಟಂಟಾಗಿ ಬಂದರೆ ಅದು ಅರಗಿನ ಪಾಲಿಶ್. ಮೇಲಿನ ಬಣ್ಣವೇ ಮೆತ್ತಗಾಗಿ ಹತ್ತಿಗೆ ಬಂದರೆ ಅದು ಸಾಧಾರಣವಾಗಿ ನೀರಿನಲ್ಲಿ ಕಲಸುವ ಬಣ್ಣ. ಏನೂ ಆಗದಿದ್ದರೆ ಎಣ್ಣೆ ಬಣ್ಣವೋ ಪಿಯುವೋ ಇರಬಹುದು.

ಅರಗಿನ ಪಾಲಿಶ್ ಇದ್ದು ಒಳಗಿರುವುದು ತೇಗ ಅಥವಾ ಬೀಟೆ ಮರವಾದರೆ, ದಯವಿಟ್ಟು ಬಣ್ಣ ಬಳಿಯಬೇಡಿ. ಬಣ್ಣ ಮರದ ಎಳೆಯೊಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ಮತ್ತೆ ಪಾಲಿಶ್ ಹಾಕಿಸಿದರೆ ಸಾಕು. ಅರಗು ನಮ್ಮವರಿಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು ಅರಗೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಆ್ಯಂಡ್ ಪೇಂಟ್ ವರ್ಕ್ಸ್. ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇಂದಿಗೂ ಅಲ್ಲಿಂದಲೇ ಬರುತ್ತದೆ.

ಹಳೆಯ ಬಣ್ಣದಲ್ಲಿ ಅಡಗಿದ ಸೀಸ

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಅದು ಹೆಚ್ಚು. ಹಳದಿ ಬೆರೆಸಿ ಮಾಡಿದ ಹಸಿರಿನಲ್ಲಿಯೂ ಇರುತ್ತಿತ್ತು. ನಮ್ಮ ತೊಟ್ಟಿಲಿನ, ಮಕ್ಕಳ ಕುರ್ಚಿಯ ಬಣ್ಣಗಳು ಯಾವುವು? ಇವೇ ಅಲ್ಲವೇ?

ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಮಿತಿ ಹಾಕುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಮಿತಿ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ. ಅದಕ್ಕಿಂತ ಹಳೆಯ ಎಣ್ಣೆ ಬಣ್ಣದ ಬಗ್ಗೆ ಖಚಿತವಾಗಿ ತಿಳಿಯದಿದ್ದರೆ, ಸೀಸ ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಗಟ್ಟಿಯಾಗಿ ಕೂತ ಬಣ್ಣ ಸುಮ್ಮನಿದ್ದರೆ ಅಷ್ಟು ತೊಂದರೆಯಿಲ್ಲ. ಅದು ಸಿಪ್ಪೆ ಏಳುವಾಗ, ನಾವು ಒಣ ಸ್ಯಾಂಡ್‌ಪೇಪರ್ ಹಾಕಿ ಉಜ್ಜುವಾಗ ಅಪಾಯ. ಆ ಧೂಳು ನೆಲಕ್ಕೆ ಇಳಿಯುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟು ಸೀಸ ದೇಹಕ್ಕೆ ಹೋದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾಗಿ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಲ್ಲಿ ಸುಟ್ಟು ತೆಗೆಯಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ವಾಟರ್ ಪೇಪರಿನಿಂದ ನೀರು ಹಾಕುತ್ತಾ ಉಜ್ಜಿ. ಬಟ್ಟೆಯ ಮಾಸ್ಕ್ ಸಾಲದು, ಎನ್-95 ಬೇಕು. ಆಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಗರ್ಭಿಣಿಯರು ಮತ್ತು ಮಕ್ಕಳು ಆ ಕೋಣೆಗೆ ಬರಬಾರದು. ಇನ್ನು ತೊಟ್ಟಿಲು. ಹಲ್ಲು ಬರುವ ಮಗು ಅದರ ಅಂಚನ್ನು ಕಚ್ಚುತ್ತದೆ. ಮೇಲೆ ಹೊಸ ಬಣ್ಣ ಬಳಿದರೂ ಒಳಗಿನದು ಒಳಗೇ ಇರುತ್ತದೆ. ಹಳೆಯ ಬಣ್ಣವನ್ನು ಪೂರ್ತಿ ತೆಗೆಸದೆ ಅದರಲ್ಲಿ ಮಗುವನ್ನು ಮಲಗಿಸಬೇಡಿ. ಅಜ್ಜಿಯ ನೆನಪಿಗೆ ಅದನ್ನು ಗಿಡದ ಕುಂಡ ಇಡಲು ಬಳಸಿದರೂ ಅಜ್ಜಿ ಬೇಸರ ಮಾಡಿಕೊಳ್ಳಲಾರರು.

ಹೊಸ ಡಬ್ಬ ಕೊಳ್ಳುವಾಗ ಲೇಬಲ್ ಓದಿ. ಸೀಸ 90 ಪಿಪಿಎಂ ಮೀರಿಲ್ಲ ಎಂದು ಬರೆದಿರಬೇಕು. ಬಿಡಿಯಾಗಿ ಅಳೆದು ಕೊಡುವ, ಲೇಬಲ್ ಇಲ್ಲದ ಬಣ್ಣ ಬೇಡ.

ಯಾವುದಕ್ಕೆ ಯಾವ ಬಣ್ಣ?

ಮನೆಯೊಳಗಿನ ಕಪಾಟು, ಪುಸ್ತಕದ ಶೆಲ್ಫ್, ಮಕ್ಕಳ ಮೇಜಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಎನಾಮಲ್ ಒಳ್ಳೆಯದು. ವಾಸನೆ ಕಡಿಮೆ, ಬೇಗ ಒಣಗುತ್ತದೆ, ಬಿಳಿ ಬಣ್ಣ ಬಿಳಿಯಾಗಿಯೇ ಉಳಿಯುತ್ತದೆ. ಟರ್ಪೆಂಟೈನ್ ಬೇಕಾಗುವ ಎಣ್ಣೆ ಎನಾಮಲ್ ಗಟ್ಟಿ, ಹೊಳಪೂ ಚೆನ್ನ. ಆದರೆ ವಾಸನೆ ದಿನಗಟ್ಟಲೆ ಇರುತ್ತದೆ, ಬಿಳಿ ಬಣ್ಣ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಒಂದೇ ಕೋಣೆಯಲ್ಲಿ ಮಲಗುವ, ಅಡುಗೆ ಮಾಡುವ ನಮ್ಮ ಮುಂಬಯಿ ಮನೆಗಳಲ್ಲಿ ಇದನ್ನು ಯೋಚಿಸಲೇಬೇಕು.

ಊಟದ ಮೇಜಿಗೆ ಬಿಸಿ ಪಾತ್ರೆ, ಸಾರು, ನೀರು ಎಲ್ಲವನ್ನೂ ತಡೆಯುವ ಪಿಯು ಲೇಪ ಬೇಕು. ಅರಗಿನ ಪಾಲಿಶ್ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಎರಡು ಡಬ್ಬ ಬೆರೆಸಿ ಸ್ಪ್ರೇ ಮಾಡುವ ಪಿಯುವಿನ ಗಟ್ಟಿಕಾರಕ ಉಸಿರಾಟಕ್ಕೆ ಕೆಟ್ಟದ್ದು. ಆ ಕೆಲಸವನ್ನು ಅನುಭವಿ ಪಾಲಿಶ್‌ನವರಿಗೇ ಬಿಡಿ, ಆ ದಿನ ಮನೆಯವರು ಬೇರೆ ಕಡೆ ಇರಿ.

ಯೂಟ್ಯೂಬಿನಲ್ಲಿ ಎಲ್ಲರೂ ತೋರಿಸುವ ಚಾಕ್ ಪೇಂಟ್ ಅನ್ನು 1990ರಲ್ಲಿ ತಂದವರು ಆ್ಯನಿ ಸ್ಲೋನ್ ಎಂಬ ಬ್ರಿಟಿಷ್ ಮಹಿಳೆ. ಹೆಚ್ಚು ಉಜ್ಜದೆಯೇ ಹಚ್ಚಬಹುದು, ಹಳೆಯ ಕಾಲದ ಮಂದ ನೋಟ ಕೊಡುತ್ತದೆ. ಆದರೆ ಅದು ಮೃದು. ಮೇಲೆ ಮೇಣ ಅಥವಾ ವಾರ್ನಿಶ್ ಬೇಕೇ ಬೇಕು. ಕನ್ನಡಿ ಚೌಕಟ್ಟಿಗೆ ಸರಿ, ಅಡುಗೆಮನೆಗೆ ಅಲ್ಲ.

ಸನ್ಮೈಕಾದಂಥ ನುಣುಪಿನ ಮೇಲೆ ಯಾವ ಬಣ್ಣವೂ ನೇರವಾಗಿ ಹಿಡಿಯುವುದಿಲ್ಲ. 220 ನಂಬರಿನ ಪೇಪರಿನಿಂದ ಹೊಳಪು ತೆಗೆದು, ಅದಕ್ಕೆಂದೇ ಇರುವ ಪ್ರೈಮರ್ ಹಚ್ಚಿ. ಎಷ್ಟೇ ದುಬಾರಿ ಬಣ್ಣವಾದರೂ ಕೆಳಗಿನ ತಯಾರಿ ಸರಿಯಿಲ್ಲದಿದ್ದರೆ ಉಗುರಿನಲ್ಲಿ ಎದ್ದು ಬರುತ್ತದೆ.

ಯಾವಾಗ?

ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಗಾಳಿಯ ತೇವಾಂಶ ಶೇ. 80 ದಾಟುವುದು ಸಾಮಾನ್ಯ. ಆಗ ಪಾಲಿಶ್ ಹಾಲಿನಂತೆ ಬೆಳ್ಳಗಾಗಬಹುದು, ಎನಾಮಲ್ ಅಂಟಂಟಾಗಿಯೇ ಉಳಿಯಬಹುದು. ಮರ ಉಬ್ಬಿರುವ ಡ್ರಾಯರಿನ ಅಂಚಿಗೆ ಬಣ್ಣ ಬಳಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ತೆಳುವಾಗಿ ಎರಡು ಕೋಟು ಹಾಕಿ, ನಡುವೆ ಡಬ್ಬದಲ್ಲಿ ಹೇಳಿದಷ್ಟು ಸಮಯ ಬಿಡಿ. ಕೈಗೆ ಅಂಟದಿದ್ದರೆ ಒಣಗಿತು ಎನ್ನಬಹುದು, ಗಟ್ಟಿಯಾಯಿತು ಎನ್ನಲಾಗದು. ನೀರಿನ ಎನಾಮಲ್ ಪೂರ್ತಿ ಗಟ್ಟಿಯಾಗಲು ಎರಡು-ಮೂರು ವಾರ ಬೇಕು. ಅಲ್ಲಿಯವರೆಗೆ ಭಾರದ ಮಿಕ್ಸರ್, ಮೀನಿನ ತೊಟ್ಟಿ ಇಡಬೇಡಿ.

ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಶೇಡ್ ಕಾರ್ಡ್ ಬಿಡಿಸಿ. ಆಗ ನೀಲಿಯೋ ಹಸಿರೋ ಎಂದು ಮನೆಯವರೆಲ್ಲ ಜಗಳವಾಡಬಹುದು, ಯಾವುದು ಗೆದ್ದರೂ ನಷ್ಟವಿಲ್ಲ.

 ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.