ಒಂದು ದಿನದ ಮರುಕ, ಪ್ರತಿ ತಿಂಗಳ ಹೊಣೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಕಾಲು ಮುರಿದ, ಕಣ್ಣು ಕಳೆದುಕೊಂಡ, ಸೊಂಟದ ಸ್ವಾಧೀನ ತಪ್ಪಿದ ನಾಯಿಗಳ ಆರೈಕೆಯ ಖರ್ಚನ್ನು ನಾವು ಹೊರುವುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಶಿಕ್ಷಣ ಸಂಘದ ವೇದಿಕೆಯಲ್ಲಿ ನಾಯಿಯ ಮಾತೇಕೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ತಾಳ್ಮೆಯಿಂದಿರಬೇಕು.

ಘಂಟೆ ಗಣಪತಿಯಿಂದಾಗಿ ನಾಡಿಗೆಲ್ಲ ಪರಿಚಿತವಾದ ನಮ್ಮ ಚಂದಗುಳಿಗೆ ರಜಾದಿನಗಳಲ್ಲಿ ವಾಹನಗಳ ಸಾಲೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಯಾವುದೋ ವಾಹನ ಬೀದಿನಾಯಿಯೊಂದಕ್ಕೆ ಬಡಿದು ಹೋಯಿತು. ನಾನು ನೋಡಿದಾಗ ಅದು ಗೂಡಂಗಡಿಯ ಹಿಂದೆ, ಹಿಂಗಾಲು ಎರಡನ್ನೂ ಎಳೆದುಕೊಂಡು, ಮಳೆ ನೀರು ತಾಗದ ಜಾಗ ಹುಡುಕುತ್ತಿತ್ತು. ಬಂದವರೆಲ್ಲ ಅಯ್ಯೋ ಅಂದರು. ಅಂಗಡಿಯವನು ಬ್ರೆಡ್ ಹಾಕಿದ. ನಾನೂ ಒಂದು ಬಿಸ್ಕೆಟ್ ಪೊಟ್ಟಣ ಒಡೆದು ಹಾಕಿ ಬಸ್ಸು ಹತ್ತಿದೆ. ಮೂರನೆಯ ದಿನ ಅದು ಅಲ್ಲಿರಲಿಲ್ಲ. ಕೇಳಿದಾಗ ಅಂಗಡಿಯವನು, "ನಿನ್ನೆ ರಾತ್ರಿ ಸತ್ತೋಯ್ತು ಮಾಸ್ತರ್ರೇ. ಗಾಯಕ್ಕೆ ಹುಳ ಆಗಿತ್ತು. ಎಲ್ಲರೂ ತಿನ್ನಲಿಕ್ಕೆ ಹಾಕಿದ್ರು, ತಕ್ಕೊಂಡು ಹೋಗುವವರು ಯಾರೂ ಇರ್ಲಿಲ್ಲ" ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಮ್ಮಲ್ಲಿ ಮರುಕಕ್ಕೆ ಕೊರತೆ ಇರಲಿಲ್ಲ, ಹೊಣೆ ಹೊರುವವರು ಇರಲಿಲ್ಲ. ಹಾಗೆ ಹೊರದವರಲ್ಲಿ ನಾನೂ ಒಬ್ಬ.

ಬಂಧುಗಳೇ, ಪ್ರವಾದಿವರ್ಯರು(ಸ) ಹೇಳಿದ ಒಂದು ಘಟನೆ ನಿಮಗೆಲ್ಲ ಗೊತ್ತು. ದಾರಿಹೋಕನೊಬ್ಬ ಬಾಯಾರಿಕೆಯಿಂದ ಬಾವಿಗಿಳಿದು ನೀರು ಕುಡಿದು ಮೇಲೆ ಬಂದಾಗ, ನಾಯಿಯೊಂದು ದಾಹ ತಾಳದೆ ಒದ್ದೆ ಮಣ್ಣು ನೆಕ್ಕುತ್ತಿತ್ತು. ತನಗಾದ ಸಂಕಟವೇ ಇದಕ್ಕೂ ಆಗಿದೆ ಎಂದುಕೊಂಡ ಆತ ಮತ್ತೆ ಕೆಳಗಿಳಿದು, ತನ್ನ ಚರ್ಮದ ಮೋಜಾದಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿ ಹಿಡಿದು ಮೇಲೆ ಹತ್ತಿ ನಾಯಿಗೆ ಕುಡಿಸಿದ. ಅಲ್ಲಾಹನು ಆತನನ್ನು ಮನ್ನಿಸಿದ. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರಲ್ಲೂ ಇದೆ ಎಂಬರ್ಥದ ಉತ್ತರ ಬಂತು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ ಇದೆ.

ಆ ನಾಯಿಯ ದಾಹ ಒಮ್ಮೆ ನೀರು ಕುಡಿಸಿದರೆ ತೀರುವಂಥದ್ದು. ನಾನು ಹೇಳುತ್ತಿರುವ ನಾಯಿಗಳ ಅಗತ್ಯ ಹಾಗಲ್ಲ. ಬೆನ್ನುಹುರಿಗೆ ಪೆಟ್ಟಾದ ನಾಯಿಗೆ ತಾನಾಗಿ ಮೂತ್ರ ಮಾಡಲು ಆಗದಿರಬಹುದು. ದಿನಕ್ಕೆ ಹಲವು ಸಲ ಒಬ್ಬರು ಅದರ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೂತ್ರಕೋಶ ಖಾಲಿ ಮಾಡಿಸಬೇಕು. ಇಲ್ಲವಾದರೆ ಸೋಂಕು ತಗಲಿ ಸಾಯುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಆದ್ದರಿಂದ ಆಗಾಗ ಮಗ್ಗುಲು ಬದಲಿಸಬೇಕು, ಹಾಸಿಗೆ ಒಣಗಿರಬೇಕು. ಕೆಲವಕ್ಕೆ ಸೊಂಟಕ್ಕೆ ಕಟ್ಟುವ ಎರಡು ಚಕ್ರದ ಗಾಡಿ ಮಾಡಿಸಿಕೊಟ್ಟರೆ ಮುಂಗಾಲಿನ ಬಲದಿಂದ ಓಡಾಡುತ್ತವೆ. ಕುರುಡು ನಾಯಿಗೆ ಅನ್ನ ನೀರಿನ ತಟ್ಟೆ ದಿನವೂ ಒಂದೇ ಜಾಗದಲ್ಲಿರಬೇಕು, ಮುಟ್ಟುವ ಮೊದಲು ದನಿ ಕೊಡಬೇಕು. ಡಿಸ್ಟೆಂಪರ್ ರೋಗದಿಂದ ಬದುಕಿ ಉಳಿದವುಗಳಲ್ಲಿ ಕೆಲವಕ್ಕೆ ಜೀವಮಾನವಿಡೀ ಸ್ನಾಯು ಸೆಳೆತ ಉಳಿದುಬಿಡುತ್ತದೆ. ಇಂಥವನ್ನು ಮನೆಗೆ ಒಯ್ಯುವವರು ತೀರಾ ಕಡಿಮೆ. ನೂರಾರು ನಾಯಿಗಳಿರುವ ಆಶ್ರಯತಾಣದಲ್ಲಿ ಗಟ್ಟಿಮುಟ್ಟಾದವು ನುಗ್ಗಿ ತಿನ್ನುವಾಗ ಇವು ಹಿಂದೆ ಉಳಿಯುತ್ತವೆ.

ಈ ಕೆಲಸ ನಡೆಯುತ್ತಿರುವುದು ಹೆಚ್ಚಾಗಿ ನಗರಗಳಲ್ಲಿ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ತಮ್ಮ ಇಳಿವಯಸ್ಸಿನಲ್ಲಿ, 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ ಸಂಸ್ಥೆಯನ್ನು ಕಟ್ಟಿದರು. 2013ರಲ್ಲಿ ಸುಧಾ ನಾರಾಯಣನ್ ಅವರು ಅದೇ ಊರಿನಲ್ಲಿ ಆರಂಭಿಸಿದ ಪ್ರಾಣಿರಕ್ಷಣಾ ಕೇಂದ್ರಕ್ಕೆ ಚಾರ್ಲಿ ಎಂಬ ನಾಯಿಯ ಹೆಸರನ್ನೇ ಇಟ್ಟರು. ಆ ಚಾರ್ಲಿಗೆ ಇದ್ದುದು ಮೂರೇ ಕಾಲು. ನಮಗೆ ಹತ್ತಿರದ ಕರಾವಳಿಯಲ್ಲಿ ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇದೆ. ಇಂಥ ಸಂಸ್ಥೆಗಳು ನಡೆಯುವುದು ಬಹುಮಟ್ಟಿಗೆ ಜನರ ದೇಣಿಗೆಯಿಂದ.

ಪ್ರಾಯೋಜನೆ ಎಂದರೆ ಇಷ್ಟೇ: ನಾಯಿ ಆಶ್ರಯತಾಣದಲ್ಲೇ ಇರುತ್ತದೆ. ಅದರ ಆಹಾರ, ಔಷಧಿ, ನೋಡಿಕೊಳ್ಳುವವರ ಕೂಲಿ ಇವುಗಳಲ್ಲಿ ಒಂದು ಪಾಲನ್ನು ನೀವು ಪ್ರತಿ ತಿಂಗಳು ಕಳುಹಿಸುತ್ತೀರಿ. ಒಬ್ಬರಿಗೆ ಆಗದಿದ್ದರೆ ಹತ್ತು ಮಂದಿ ಕೂಡಿ ಒಂದು ನಾಯಿಯ ಹೊಣೆ ಹೊರಬಹುದು. ನಾಯಿ ಸಾಕುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಹಿಂಜರಿಕೆ ಇದೆ. ಅದರ ಜೊಲ್ಲಿನ ಶುದ್ಧಾಶುದ್ಧಿಯ ಬಗ್ಗೆ ಮದ್‌ಹಬ್‌ಗಳಲ್ಲಿ ಅಭಿಪ್ರಾಯಭೇದವಿದೆ. ಅದನ್ನು ಉಲಮಾಗಳಿಗೆ ಬಿಡೋಣ. ಆದರೆ ಪಾತ್ರೆ ತೊಳೆಯುವ ನಿಯಮ ಬೇರೆ, ಕರುಣೆಯ ಕರ್ತವ್ಯ ಬೇರೆ. ಮನೆಯೊಳಗೆ ನಾಯಿ ತರಲಾಗದವರಿಗೆ ಪ್ರಾಯೋಜನೆಗಿಂತ ಸುಲಭದ ದಾರಿ ಯಾವುದಿದೆ?

ಒಮ್ಮೆ ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಅದು ಗುಣ ಆಗೋದೇ ಇಲ್ಲ. ಮನೆ ಕಾಯೋದೂ ಇಲ್ಲ. ಅದಕ್ಕೆ ಖರ್ಚು ಮಾಡಿ ಏನು ಪ್ರಯೋಜನ?" ಪ್ರಶ್ನೆ ಪ್ರಾಮಾಣಿಕವಾದದ್ದು. ಇದಕ್ಕೆ ಸುಮಾರು 800 ವರ್ಷಗಳ ಹಿಂದೆಯೇ ಡಮಾಸ್ಕಸ್ಸಿನ ಶಾಫಿ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಉತ್ತರಿಸಿದ್ದಾರೆ. ಕ್ರಿ.ಶ. 1262ರಲ್ಲಿ ಕೈರೋದಲ್ಲಿ ತೀರಿಕೊಂಡ ಇವರು, ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಬರೆಯುವಾಗ, ಪ್ರಾಣಿ ಮುದಿಯಾಗಿ ಅಥವಾ ರೋಗಿಷ್ಟವಾಗಿ ಅದರಿಂದ ಯಾವ ಲಾಭವೂ ಇಲ್ಲದಾದಾಗಲೂ ಒಡೆಯ ಅದರ ಪೋಷಣೆಗೆ ಖರ್ಚು ಮಾಡಬೇಕೆಂದು ಹೇಳಿದರು. ಲಾಭವಿದ್ದಾಗ ಸಾಕುವುದು ವ್ಯವಹಾರ. ಲಾಭ ನಿಂತ ಮೇಲೂ ಸಾಕುವುದೇ ಹಕ್ಕನ್ನು ಸಲ್ಲಿಸುವುದು. ಬೀದಿನಾಯಿಗೆ ಒಡೆಯನಿಲ್ಲ, ನಿಜ. ಆದರೆ ಅದಕ್ಕೆ ಬಡಿದ ವಾಹನ ನಮ್ಮದೇ, ಅದು ಬಿದ್ದ ರಸ್ತೆಯೂ ನಮ್ಮದೇ.

ಇನ್ನೊಂದು ಪ್ರಶ್ನೆ ಹಿರಿಯರಿಂದ ಬರುತ್ತದೆ: ಬಡ ಮಕ್ಕಳಿಗೇ ಫೀಸು ಕಟ್ಟಲಾಗದಿರುವಾಗ ನಾಯಿಗೆ ಹಣವೇ? ನನ್ನ ಉತ್ತರ ಸ್ಪಷ್ಟ. ಜಕಾತಿನ ಹಣ ಅದಕ್ಕೆ ಅರ್ಹರಾದ ಮನುಷ್ಯರ ಹಕ್ಕು, ಅದನ್ನು ಮುಟ್ಟಕೂಡದು. ವಿದ್ಯಾರ್ಥಿವೇತನದ ನಿಧಿಯನ್ನೂ ಮುಟ್ಟಕೂಡದು. ಇದು ನಮ್ಮ ಐಚ್ಛಿಕ ಸದಕಾದಿಂದ, ಚಹಾ ತಿಂಡಿಯ ಖರ್ಚಿನಿಂದ ಉಳಿಸಿ ಕೊಡುವಂಥದ್ದು.

ನಿಜಕ್ಕೂ ಈ ಕೆಲಸದ ರೀತಿ ನಮ್ಮಂಥ ಸಂಘದವರಿಗೆ ಚೆನ್ನಾಗಿ ಗೊತ್ತು. ಅನಾಥ ಹುಡುಗನ ಕಥೆ ಕೇಳಿ ಸಭೆಯಲ್ಲಿ ಅತ್ತವರು ಆ ಹುಡುಗನನ್ನು ಓದಿಸಲಿಲ್ಲ. ಹತ್ತು ತಿಂಗಳು ಬಿಡದೆ ಹಾಸ್ಟೆಲ್ ಶುಲ್ಕ ಕಟ್ಟಿದವರು ಓದಿಸಿದರು. 2022ರಲ್ಲಿ ಬಂದ ಕಿರಣ್‌ರಾಜ್ ನಿರ್ದೇಶನದ '777 ಚಾರ್ಲಿ' ಚಿತ್ರದಲ್ಲಿ ಕ್ಯಾನ್ಸರ್ ಪೀಡಿತ ನಾಯಿಯನ್ನು ನೋಡಿ ಎಷ್ಟೋ ಜನ ಕಣ್ಣೊರೆಸಿಕೊಂಡರು. ಆ ಕಣ್ಣೀರು ಒಳ್ಳೆಯದೇ. ಆದರೆ ಮುಂದಿನ ತಿಂಗಳ ಔಷಧಿ ಅದರಿಂದ ಬರುವುದಿಲ್ಲ. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಇಲ್ಲಿ ನೆನೆಯಬೇಕು.

ಇದರ ಅಗತ್ಯ ಮುಂದೆ ಹೆಚ್ಚಲಿದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯತಾಣಗಳಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಆದೇಶಿಸಿತು. ಗೋಡೆ ಕಟ್ಟಿದ ಮಾತ್ರಕ್ಕೆ ಆಶ್ರಯವಾಗುವುದಿಲ್ಲ. ಒಳಗಿರುವ ದುರ್ಬಲ ಜೀವವನ್ನು ನೋಡಿಕೊಳ್ಳುವ ಕೈ ಬೇಕು, ಆ ಕೈಗೆ ಕೂಲಿ ಬೇಕು.

ಕೊಡುವ ಮೊದಲು ವಿಚಾರಿಸಿ. ಸಂಸ್ಥೆ ನೋಂದಣಿಯಾಗಿದೆಯೇ, 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ರಸೀದಿ ಕೇಳಿ, ಸಾಧ್ಯವಾದರೆ ಹೋಗಿ ನೋಡಿ ಬನ್ನಿ. ಮುಂದುವರಿಸಲು ಆಗದಿದ್ದರೆ ಮೊದಲೇ ತಿಳಿಸಿ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ನೋವಿನಲ್ಲಿರುವ ನಾಯಿ ಕಚ್ಚುತ್ತದೆ. ನೀವಾಗಿ ಎತ್ತಲು ಹೋಗಬೇಡಿ, ಹಿರಿಯರಿಗೆ ಮತ್ತು ಪಶು ಆಸ್ಪತ್ರೆಗೆ ತಿಳಿಸಿ. ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಜೀವಿಗಳ ಬಗ್ಗೆ ಅನುಕಂಪ ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಹೇಳಿದ ಮೂಲಭೂತ ಕರ್ತವ್ಯಗಳಲ್ಲೂ ಒಂದು ಎಂಬುದನ್ನು ಪರೀಕ್ಷೆಗಾಗಿ ಮಾತ್ರ ಓದಬೇಡಿ.

ಆ ಗೂಡಂಗಡಿಯ ಮುಂದೆ ಹೋಗುವಾಗಲೆಲ್ಲ ನಾನು ಹಾಕಿದ ಬಿಸ್ಕೆಟ್ಟು ನೆನಪಾಗುತ್ತದೆ. ಅಂದು ನನ್ನ ಮನಸ್ಸಿಗೆ ಸಮಾಧಾನವಾಯಿತು, ನಾಯಿಗೆ ಏನೂ ಆಗಲಿಲ್ಲ. ನಮ್ಮಲ್ಲಿ ಹತ್ತು ಮಂದಿ ಕೈ ಎತ್ತಿದರೆ ಮುಂದಿನ ತಿಂಗಳಿಂದಲೇ ಒಂದು ನಾಯಿಯ ಹೊಣೆ ಹೊರೋಣ. ಮೊದಲ ಹೆಸರು ನನ್ನದಿರಲಿ. ಅಲ್ಲಾಹನು ನಮ್ಮ ಮರುಕಕ್ಕೆ ಸ್ಥಿರತೆ ಕರುಣಿಸಲಿ, ಆಮೀನ್.